ಕಸದ ಡಬ್ಬ ನೋಡಿ ಕಲಿತ ರೂಲು

ಏರ್‌ಪೋರ್ಟಿನಲ್ಲಿ ನನ್ನ ಕೆಲಸ ಟ್ರೇ ಎತ್ತುವುದು. ವಿಮಾನ ಹತ್ತುವವರು ಕೈಚೀಲ, ಫೋನು, ಬೆಲ್ಟು ಎಲ್ಲವನ್ನೂ ಒಂದು ಟ್ರೇಗೆ ಹಾಕಿ ಮೆಷೀನಿನೊಳಗೆ ಬಿಡುತ್ತಾರಲ್ಲ, ಆ ಕಡೆ ಸಾಮಾನು ಎತ್ತಿಕೊಂಡು ಹೋದ ಮೇಲೆ ಖಾಲಿ ಟ್ರೇ ಅಲ್ಲೇ ಬಿದ್ದಿರುತ್ತೆ. ಅದನ್ನು ಒಂದರ ಮೇಲೊಂದು ಪೇರಿಸಿ ಮತ್ತೆ ಈ ಕಡೆಗೆ ತಂದಿಡಬೇಕು. ಬೆಳಿಗ್ಗೆ ಆರಕ್ಕೆ ನಿಂತರೆ ಮಧ್ಯಾಹ್ನ ಎರಡರವರೆಗೆ ಅದೇ ಕೆಲಸ. ಊರಲ್ಲಿ ಕೇಳಿದವರಿಗೆ ಮಾತ್ರ ನಾನು ಹಾಗೆ ಹೇಳಿದವಳಲ್ಲ. "ಸೆಕ್ಯೂರಿಟಿ ಚೆಕ್ಕಲ್ಲಿ ಇದೀನಿ" ಅನ್ನುತ್ತಿದ್ದೆ. ಸುಳ್ಳೇನಲ್ಲ, ನಿಂತಿದ್ದು ಅಲ್ಲೇ. ಆದರೆ ಆ ಜಂಬದಿಂದಲೇ ನನ್ನ ತಂಗಿಯ ಬಲಗೈ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಅಯ್ಯೋ ಪಾಪ ಅನ್ನುವುದು ಬೇಡ.

ಟ್ರೇ ಜೊತೆಗೆ ಇನ್ನೊಂದು ಕೆಲಸವಿತ್ತು. ಮೆಷೀನಿನ ಪಕ್ಕ ಒಂದು ದೊಡ್ಡ ಡಬ್ಬ. ಒಳಗೆ ಬಿಡದ ಸಾಮಾನೆಲ್ಲ ಅದರೊಳಕ್ಕೆ. ತುಂಬಿದ ಮೇಲೆ ಕವರಿನ ಬಾಯಿ ಕಟ್ಟಿ, ಹೊಸ ಕವರು ಹಾಕಬೇಕು. ಅದರಲ್ಲಿ ಏನಿರುತ್ತಿರಲಿಲ್ಲ ಅಂತ ಕೇಳಿ. ನೀರಿನ ಬಾಟಲಿ, ಕತ್ತರಿ, ಲೈಟರು, ಬಾಳೆಎಲೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಉಪ್ಪಿನಕಾಯಿ ಡಬ್ಬಿ, ಮನೆಯಲ್ಲಿ ಕಾಯಿಸಿದ ತುಪ್ಪ. ಮಡಿಲಕ್ಕಿ ಕಟ್ಟಿಸಿಕೊಂಡು ಬಂದ ಹೆಣ್ಣುಮಗಳೊಬ್ಬಳು ಕೊಬ್ಬರಿ ಗಿಟುಕನ್ನು ಕೈಯಲ್ಲಿ ಹಿಡಿದುಕೊಂಡು ಅಳುತ್ತಾ ನಿಂತಿದ್ದಳು. ಕೊಬ್ಬರಿಯಲ್ಲಿ ಎಣ್ಣೆ ಇರುತ್ತೆ, ಬೆಂಕಿ ಹತ್ತುತ್ತೆ ಅಂತ ರೂಲು. ಅವಳು ಅಕ್ಕಿಯನ್ನು ಉಳಿಸಿಕೊಂಡು ಕೊಬ್ಬರಿಯನ್ನು ಡಬ್ಬಕ್ಕೆ ಹಾಕಿದಳು. ಎಷ್ಟೋ ಸಲ ಔಷಧಿ ಬಾಟಲಿಗಳೂ ಬೀಳುತ್ತಿದ್ದವು. ಅರ್ಧ ಮುಗಿದ ಮಾತ್ರೆಯ ಪಟ್ಟಿಗಳೂ ಇರುತ್ತಿದ್ದವು. ಅದನ್ನೆಲ್ಲ ನೋಡಿ ನೋಡಿ ನನಗೆ ರೂಲು ಬಾಯಿಪಾಠ ಆಗಿದೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಯಾರನ್ನೂ ಒಂದು ಮಾತು ಕೇಳಿದವಳಲ್ಲ.

ವಾರದಲ್ಲಿ ಆರು ದಿನ ದೇವನಹಳ್ಳಿ ಹತ್ತಿರ ನಾಲ್ಕು ಜನ ಹೆಂಗಸರು ಸೇರಿ ಮಾಡಿಕೊಂಡ ರೂಮಿನಲ್ಲಿ ಇರುತ್ತಿದ್ದೆ. ರಜೆಯ ದಿನ ರೈಲು ಹಿಡಿದು ಬಂಗಾರಪೇಟೆ, ಅಲ್ಲಿಂದ ಮಾರಿಕುಪ್ಪಂ ಗಾಡಿ. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳಲ್ಲಿ ನಮ್ಮದೂ ಒಂದು, ಅಪ್ಪ ಚಿನ್ನದ ಗಣಿಯಲ್ಲಿದ್ದಾಗ ಸಿಕ್ಕಿದ್ದು. ಅಪ್ಪ ಎದೆಯಲ್ಲಿ ಧೂಳು ತುಂಬಿಕೊಂಡು ಹೋದ, ಹಿಂದೆಯೇ ಅಮ್ಮನೂ ಹೋದಳು. ಮನೆಯಲ್ಲಿ ಉಳಿದವಳು ತಂಗಿ. ಅವಳಿಗೆ ಚಿಕ್ಕಂದಿನಿಂದ ಫಿಟ್ಸು. ಮದುವೆಯಾದ ನಾಲ್ಕನೇ ತಿಂಗಳಿಗೆ ಅವಳು ಬಿದ್ದಿದ್ದನ್ನು ನೋಡಿ ಗಂಡ ಅನ್ನಿಸಿಕೊಂಡವನು ತಂದು ಬಿಟ್ಟು ಹೋದ, ತಿರುಗಿ ನೋಡಲಿಲ್ಲ. ಆಮೇಲೆ ಒಬ್ಬ ಒಳ್ಳೆ ಡಾಕ್ಟರು ಸಿಕ್ಕರು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. "ಒಂದು ಹೊತ್ತೂ ತಪ್ಪಿಸಬಾರದಮ್ಮ" ಅಂದಿದ್ದರು. ಅವಳು ತಪ್ಪಿಸಲಿಲ್ಲ. ಆರು ವರ್ಷ ಒಂದು ಸಲವೂ ಬೀಳಲಿಲ್ಲ. ಆಂಡರ್ಸನ್‌ಪೇಟೆಯ ಒಂದು ಮೆಸ್ಸಿನಲ್ಲಿ ಅಡುಗೆಗೆ ಸೇರಿದಳು. ಅವಳ ಕೈಯ ಸಾರು ಉಂಡವರು ಇನ್ನೊಂದು ಸಲ ಹಾಕಿಸಿಕೊಳ್ಳದೆ ಏಳುತ್ತಿರಲಿಲ್ಲ. ಸುಮ್ಮನೆ ಹೇಳುತ್ತಿಲ್ಲ.

ನಮ್ಮ ಕಡೆಯಿಂದ ಗಲ್ಫಿಗೆ ಹೋಗುವವರು ಯಾವಾಗಲೂ ಇದ್ದೇ ಇರುತ್ತಾರೆ. ಅಡುಗೆಗೆ, ಮಗು ನೋಡಿಕೊಳ್ಳುವುದಕ್ಕೆ, ಡ್ರೈವರಾಗಿ. ಅವರೆಲ್ಲ ಹೋಗುವ ಮುಂಚೆ ನನ್ನ ರಜೆಯ ದಿನ ನೋಡಿಕೊಂಡು ಮನೆಗೆ ಬರುತ್ತಿದ್ದರು. ನಾನು ಅವರನ್ನು ಬಾಗಿಲ ಮುಂದೆ ಕೂರಿಸಿ, ಅಮ್ಮನ ಮೊರ ತಂದು ಇಟ್ಟು, "ಇದೇ ಟ್ರೇ ಅಂದ್ಕೊಳ್ಳಿ" ಅನ್ನುತ್ತಿದ್ದೆ. ಫೋನು ಮೊರಕ್ಕೆ. ವಾಚು ಮೊರಕ್ಕೆ. ಬೆಲ್ಟು ಬಿಚ್ಚಿ ಮೊರಕ್ಕೆ. ಪವರ್ ಬ್ಯಾಂಕು ದೊಡ್ಡ ಬ್ಯಾಗಿಗೆ ಹಾಕಬೇಡಿ, ವಾಪಸ್ ಕರೀತಾರೆ, ಕೈಯಲ್ಲೇ ಇರಲಿ. ಕೈಚೀಲ ಏಳು ಕೇಜಿ ದಾಟಬಾರದು. ಅಕ್ಕಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ತೂಗಿಸಿಕೊಂಡು ಬನ್ನಿ ಅಂತ ಕಳಿಸುತ್ತಿದ್ದೆ. ಅಂಗಡಿಯವರು ತಮಿಳಿನಲ್ಲಿ ಬೈದುಕೊಂಡೇ ತೂಗಿ ಕೊಡುತ್ತಿದ್ದರು. ಲೈನಿನ ಹೆಂಗಸರು ಮೊರದ ಸುತ್ತ ನಿಂತು ನಗುತ್ತಿದ್ದರು, ಆದರೂ ಕಿವಿ ಇತ್ತ ಕಡೆಗೇ. ನನಗೆ ಅದರಲ್ಲಿ ಎಂಥಾ ಖುಷಿ ಇತ್ತು.

ಒಂದು ವರ್ಷ ಮೆಸ್ಸು ಮುಚ್ಚಿತು. ತಂಗಿ ಬೇರೆ ಕಡೆ ಅಡುಗೆ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಯಾರೋ ಒಬ್ಬರು ಅವಳ ಫಿಟ್ಸಿನ ಕಥೆ ಮೊದಲೇ ಹೇಳಿಬಿಟ್ಟಿರುತ್ತಿದ್ದರು. ಒಂದು ರಜೆಯ ದಿನ ನಾನು ಬಂದಾಗ ಅವಳು ಪಾಸ್‌ಪೋರ್ಟು ತೋರಿಸಿದಳು. ನನಗೆ ಗೊತ್ತಿಲ್ಲದ ಹಾಗೆ ಮಾಡಿಸಿಕೊಂಡಿದ್ದಳು.

"ನಾನೂ ಓಗ್ತೀನಿ ಅಕ್ಕ. ಅಲ್ಲಿ ನಾನು ಬೀಳೋಳು ಅಂತ ಯಾರ್ಗೂ ಗೊತ್ತಿಲ್ಲ" ಅಂದಳು.

ಬೇಡ ಅನ್ನಬೇಕಿತ್ತು. ಆದರೆ ಪಾಸ್‌ಪೋರ್ಟಿನ ಹಾಳೆ ತಿರುಗಿಸಿ ನೋಡಿ ಅವಳ ಕೈಗೇ ವಾಪಸ್ ಕೊಟ್ಟೆ. ಏಜೆಂಟಿಗೂ ಅವಳು ಹೇಳಿರಲಿಲ್ಲ. ಹೇಳಿದರೆ ಕಳಿಸುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗಿ ನಾಲ್ಕು ತಿಂಗಳಿಗಾಗುವಷ್ಟು ಮಾತ್ರೆ ಬರೆಸಿಕೊಂಡು ಬಂದೆವು.

ಹೊರಡುವ ಹಿಂದಿನ ದಿನ ನಾನು ಒಂದು ದಿನ ಹೆಚ್ಚಿಗೆ ರಜೆ ಹಾಕಿ ಬಂದು ಬ್ಯಾಗು ತುಂಬಲು ಕೂತೆ. ಅವಳು ಮಾತ್ರೆಯ ಕಟ್ಟು ಮತ್ತು ಡಾಕ್ಟರ ಚೀಟಿ ತಂದು ಕೈಚೀಲದ ಪಕ್ಕ ಇಟ್ಟಳು.

"ಇದು ಕೈಯಾಗೇ ಇರ್ಲಿ ಅಲ್ವಾ?"

"ಬ್ಯಾಡ ಕಣೆ. ಮಾತ್ರೆ ಬಿಡಲ್ಲ. ದೊಡ್ಡ ಬ್ಯಾಗಿಗೆ ಆಕು" ಅಂದೆ.

"ಒಂದ್ ಪಟ್ಟೀನಾದ್ರೂ ಕುಬುಸದಾಗೆ ಸಿಗಿಸ್ಕೊಂಡು ಓಗ್ತೀನಿ."

"ಲೇ, ಅದು ಜರಿಕಾಗದ. ಮೆಷೀನು ಕುಯ್ ಅಂತೈತೆ. ಪಕ್ಕಕ್ಕೆ ನಿಲ್ಸಿ ಎಲ್ಲಾರ ಮುಂದೆ ಬಿಚ್ಚಿಸ್ತಾರೆ. ಇದು ಯಾಕೆ, ಏನು ಕಾಯಿಲೆ ಅಂತ ಕೇಳ್ತಾರೆ. ಏನು ಏಳ್ತೀಯ ನೀನು?"

ಅವಳು ಪಟ್ಟಿಯನ್ನು ಕಟ್ಟಿಗೇ ವಾಪಸ್ ಸೇರಿಸಿದಳು. ನಾನು ಹೇಳಿದ್ದು ಬರೀ ಡಬ್ಬ ನೋಡಿ ಕಲಿತದ್ದಲ್ಲ, ಅದಕ್ಕಿಂತ ಹಳೆಯದು. ಗಣಿಯಿಂದ ಮೇಲೆ ಬಂದವರನ್ನು ಗೇಟಿನಲ್ಲಿ ಮೈ ಸವರಿ ನೋಡಿಯೇ ಬಿಡುತ್ತಿದ್ದದ್ದು. ಚಿನ್ನದ ಕಲ್ಲಿನ ಚೂರೇನಾದರೂ ಇದೆಯೋ ಅಂತ. ಅಪ್ಪ ಟಿಫನ್ ಡಬ್ಬಿಯ ಮುಚ್ಚಳ ತೆಗೆದು ಬೋರಲು ಹಾಕಿ ತೋರಿಸಬೇಕಿತ್ತು. ಒಂದು ದಿನ ಅವನ ಎಲೆಅಡಿಕೆ ಚೀಲದಲ್ಲಿ ಯಾವುದೋ ಕಲ್ಲಿನ ಹರಳು ಸಿಕ್ಕಿತಂತೆ, ಬರೀ ಬಿಳಿ ಕಲ್ಲು, ಅಷ್ಟಕ್ಕೇ ಜೊತೆಯವರೆಲ್ಲ ಮನೆಗೆ ಹೋಗುವವರೆಗೂ ಅಂಗಿ ಬಿಚ್ಚಿಸಿ ನಿಲ್ಲಿಸಿಕೊಂಡಿದ್ದರು. ಮನೆಗೆ ಬಂದ ಅಪ್ಪ ಆ ಚೀಲವನ್ನು ಒಲೆಗೆ ಹಾಕಿದ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ತಪಾಸಣೆ ಮಾಡುವವರ ಮುಂದೆ ಹೋಗುವಾಗ ಕೈ ಖಾಲಿ ಇರಬೇಕು. ಶಾಲೆಗಾಗಲಿ, ರೇಷನ್ ಅಂಗಡಿಗಾಗಲಿ, ನಾನೂ ತಂಗಿಯೂ ಕೈ ಬೀಸಿಕೊಂಡೇ ಹೋದವರು. ಲೈನಿನ ಎಷ್ಟೋ ಮನೆಯವರು ಹಾಗೇ ಬೆಳೆದವರು. ಬೇರೆ ಊರಿನವಳಾಗಿದ್ದರೆ ನಾನು ಹೋಗಿ ಕೇಳುತ್ತಿದ್ದೆನೋ ಏನೋ.

ಮಾತ್ರೆಯನ್ನೂ ಚೀಟಿಯನ್ನೂ ಅಪ್ಪನ ಅದೇ ಟಿಫನ್ ಡಬ್ಬಿಗೆ ಹಾಕಿದೆ. ಅಮ್ಮನ ಹಳೇ ಸೀರೆಯ ತುಂಡು ಸುತ್ತಿ, ಬಟ್ಟೆಗಳ ನಡುವೆ ಭದ್ರವಾಗಿ ಇಟ್ಟೆ. ಬ್ಯಾಗಿಗೆ ನಾನೇ ನೈಲಾನ್ ಹಗ್ಗ ಸುತ್ತಿ ಎಳೆದು ಗಂಟು ಹಾಕಿದೆ. ಮೇಲೆ ಮಾರ್ಕರಿನಲ್ಲಿ ಅವಳ ಹೆಸರು ಬರೆದೆ. ಅವಳ ಕೈಚೀಲದಲ್ಲಿ ಉಳಿದದ್ದು ಪಾಸ್‌ಪೋರ್ಟು, ಫೋನು, ಒಂದು ಟವೆಲ್ಲು, ನಾಲ್ಕು ಚಕ್ಕುಲಿ. ಚಕ್ಕುಲಿ ಬಿಡ್ತಾರೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ರಾತ್ರಿಯೇ ರೂಮಿಗೆ ವಾಪಸ್ ಬಂದೆ. ಮಾರನೆಯ ದಿನ ನನ್ನದೇ ಪಾಳಿಯಲ್ಲಿ ಅವಳು ಬಂದಳು. ನಾನು ಟ್ರೇ ಪೇರಿಸಿಕೊಂಡು ಬರುತ್ತಿದ್ದೆ. ಅವಳು ಸಾಲಿನಲ್ಲಿ ನಿಂತು, ಮೊರದ ಮುಂದೆ ಕಲಿತ ಹಾಗೇ, ಫೋನು ತೆಗೆದಿಟ್ಟಳು, ವಾಚು ಬಿಚ್ಚಿಟ್ಟಳು. ಎಲ್ಲೂ ಕುಯ್ ಅನ್ನಲಿಲ್ಲ. ಖಾಕಿಯ ಮೇಡಮ್ಮು ಅವಳ ಬೆನ್ನು ಸವರಿ ಹೋಗು ಅಂದರು. ಆ ಕಡೆ ಹೋಗಿ ನಿಂತು ನನ್ನತ್ತ ತಿರುಗಿ ಎರಡೂ ಕೈ ಎತ್ತಿ ತೋರಿಸಿದಳು. ಖಾಲಿ ಕೈ. ಅವಳ ಎರಡು ಕೈಯೂ ಸರಿಯಾಗಿರುವುದನ್ನು ನಾನು ನೋಡಿದ್ದು ಅದೇ ಕೊನೆ.

ಅವಳು ದಾರಿಯಲ್ಲಿ ಒಂದು ಊರಲ್ಲಿ ವಿಮಾನ ಬದಲಾಯಿಸಬೇಕಿತ್ತು. ಅವಳು ಬದಲಾಯಿಸಿದಳು, ಬ್ಯಾಗು ಆ ಊರಲ್ಲೇ ಉಳಿಯಿತು. ಇಳಿದ ಮೇಲೆ ಫೋನು ಮಾಡಿ, "ಅಕ್ಕ, ಎಲ್ಲಾರ್ದೂ ಬಂತು, ನಂದು ಬರ್ಲಿಲ್ಲ. ನಾಳೆ ಬತ್ತದೆ ಅಂತಾರೆ" ಅಂದಳು. ಬೆಳಗಿನ ಮಾತ್ರೆ ಮನೆಯಲ್ಲೇ ನುಂಗಿ ಹೊರಟಿದ್ದಳು. ಸಂಜೆಯದು ಇರಲಿಲ್ಲ.

ಮಾರನೆಯ ದಿನ ಪಾಳಿಗೆ ಹೋದವಳೇ ಖಾಕಿ ಮೇಡಮ್ಮಿನ ಹತ್ತಿರ ನಿಂತೆ. ಎರಡು ವರ್ಷದಲ್ಲಿ ನಾನಾಗಿ ಅವರನ್ನು ಮಾತಾಡಿಸಿದ್ದು ಅದೇ ಮೊದಲು. "ಮೇಡಂ, ಮಾತ್ರೆ ಕೈಚೀಲದಲ್ಲಿ ಬಿಡಲ್ಲ ಅಲ್ವಾ?" ಅಂದೆ.

ಅವರು ಮೆಷೀನಿನ ಪರದೆಯಿಂದ ಕಣ್ಣು ತೆಗೆಯದೆ, "ಯಾರು ಹೇಳಿದ್ದು ನಿಮಗೆ? ದಿನಾ ತಗೊಳ್ಳೋ ಮಾತ್ರೆ ಕೈಯಲ್ಲೇ ಇರ್ಬೇಕು. ಡಾಕ್ಟರ್ ಚೀಟಿ ಜೊತೇಲಿ ಇಟ್ಕೊಂಡ್ರೆ ಸಾಕು. ಬ್ಯಾಗು ಕಳೆದುಹೋದ್ರೆ ಏನ್ ಮಾಡ್ತಾರೆ?" ಅಂದರು.

"ಮತ್ತೆ ಡಬ್ಬದಲ್ಲಿ ಬಿದ್ದಿರುತ್ತಲ್ಲ ಮೇಡಂ."

"ಅದು ಬೇಡದಿದ್ದವರು ತೂಕ ಕಮ್ಮಿ ಮಾಡ್ಕೊಳ್ಳೋಕೆ ಬಿಸಾಕಿದ್ದು. ನಾವು ತೆಗೆಸಿದ್ದಲ್ಲ."

ನಾನು ಹೋಗಿ ಟ್ರೇ ಎತ್ತಿದೆ. ಒಂದೊಂದೇ ಕೈಚೀಲ ಮೆಷೀನಿನಿಂದ ಹೊರಗೆ ಬರುತ್ತಿತ್ತು. ಒಬ್ಬ ವಯಸ್ಸಾದವರು ಅಲ್ಲೇ ನಿಂತು ಚೀಲದ ಜಿಪ್ಪು ಎಳೆದು, ಮಾತ್ರೆಯ ಪಟ್ಟಿಗಳನ್ನು ಎಣಿಸಿಕೊಂಡು, ಮತ್ತೆ ಒಳಗೆ ಇಟ್ಟುಕೊಂಡು ಹೋದರು. ನನ್ನ ಕಣ್ಣ ಮುಂದೆಯೇ ದಿನಕ್ಕೆ ಎಷ್ಟು ಜನ ಹಾಗೆ ಹೋಗಿದ್ದರೋ. ಡಬ್ಬಕ್ಕೆ ಬಿದ್ದದ್ದನ್ನು ಮಾತ್ರ ನಾನು ನೋಡಿದ್ದೆ. ದಾಟಿ ಹೋದದ್ದನ್ನು ಒಂದು ದಿನವೂ ನೋಡಿರಲಿಲ್ಲ.

ಮಧ್ಯಾಹ್ನ ತಂಗಿಗೆ ಫೋನು ಮಾಡಿದೆ. ನಿಜ ಹೇಳುವುದಕ್ಕೇ ಮಾಡಿದ್ದು. ಅವಳ ದನಿ ಕೇಳಿದ ಮೇಲೆ ಹೇಳಲಿಲ್ಲ. "ಮನೆಯಮ್ಮಂಗೆ ಏಳು, ಮಾತ್ರೆ ಬೇಕು ಅಂತ" ಅಂದೆ.

"ಏಳಿದ್ರೆ ನಾಳೆನೇ ವಾಪಸ್ ಕಳಿಸ್ತಾರೆ ಅಕ್ಕ. ಚೀಟಿನೂ ಇಲ್ಲ, ಏನಂತ ತೋರ್ಸಲಿ? ನೀನೇ ಏಳು, ಏನ್ ಮಾಡ್ಲಿ?"

ನಾನೇ ಹೇಳಬೇಕಿತ್ತು. ಡಾಕ್ಟರ ಹತ್ತಿರ ಹೋಗಿ ಇನ್ನೊಂದು ಚೀಟಿ ಬರೆಸಿ ಅದರ ಫೋಟೋ ತೆಗೆದು ಕಳಿಸಬಹುದಿತ್ತು. ಏಜೆಂಟಿಗೆ ಫೋನು ಮಾಡಿ ಎಲ್ಲ ಬಿಚ್ಚಿ ಹೇಳಬಹುದಿತ್ತು. ಇದೆಲ್ಲ ಹೊಳೆಯದೇ ಇರಲಿಲ್ಲ. ಆದರೆ ಹೇಳಿದರೆ ಅವಳು ಮತ್ತೆ ಚಾಂಪಿಯನ್ ರೀಫ್ಸ್‌ನ ಬಾಗಿಲಲ್ಲಿ ಬಂದು ಕೂರುತ್ತಾಳೆ, ಲೈನಿನವರ ಮುಂದೆ ನನ್ನ ಮಾತು ಮಣ್ಣುಪಾಲಾಗುತ್ತೆ. ಎರಡರಲ್ಲಿ ಯಾವುದು ನನ್ನ ಬಾಯಿ ಕಟ್ಟಿಸಿತು ಅಂತ ಇವತ್ತಿಗೂ ನನಗೆ ನಾನು ಕೇಳಿಕೊಳ್ಳುತ್ತೇನೆ. "ಇನ್ನೊಂದ್ ದಿನ ನೋಡು, ಬ್ಯಾಗು ಬತ್ತದೆ" ಅಂದೆ. ಮಾರನೆಯ ದಿನವೂ ಅದೇ ಅಂದೆ. ಅದರ ಮಾರನೆಯ ದಿನವೂ.

ಐದನೆಯ ದಿನ ಅವಳು ಒಲೆಯ ಮುಂದೆ ನಿಂತು ಏನೋ ಕರಿಯುತ್ತಿದ್ದಾಗ ಬಿದ್ದಳು. ಬೀಳುವಾಗ ಎಣ್ಣೆಯ ಬಾಣಲೆಯ ಕಡೆಗೇ ಬಿದ್ದಳು. ನನಗೆ ಗೊತ್ತಾಗಿದ್ದು ಎರಡು ದಿನದ ಮೇಲೆ, ಆ ಮನೆಯಲ್ಲೇ ಕೆಲಸಕ್ಕಿದ್ದ ಆಂಧ್ರದ ಹೆಂಗಸೊಬ್ಬಳು ಫೋನು ಮಾಡಿ ತೆಲುಗಿನಲ್ಲಿ ಹೇಳಿದಾಗ. ಆ ಮನೆಯವರು ಕೆಟ್ಟವರಲ್ಲ. ಆಸ್ಪತ್ರೆಗೆ ಸೇರಿಸಿದ್ದರು, ದಿನಾ ಹೋಗಿ ನೋಡಿದರಂತೆ. ಇಂಥ ಕಾಯಿಲೆ ಇದೆ ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಔಷಧಿ ತರಿಸಿಕೊಡುತ್ತಿದ್ದೆವಲ್ಲ ಅಂತ ಮನೆಯಮ್ಮ ಅತ್ತರಂತೆ. ಅದನ್ನು ಕೇಳಿದಾಗ ನಾನು ಫೋನು ಹಿಡಿದುಕೊಂಡೇ ಬಸ್‌ಸ್ಟಾಂಡಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಬ್ಯಾಗು ಅವಳು ಆಸ್ಪತ್ರೆ ಸೇರಿದ ಮಾರನೆಯ ದಿನ ಆ ಮನೆಯ ಬಾಗಿಲಿಗೆ ಬಂದಿತ್ತು.

ಎರಡೂವರೆ ತಿಂಗಳ ಮೇಲೆ ಅವಳು ವಾಪಸ್ ಬಂದಳು. ನಾನು ಏರ್‌ಪೋರ್ಟಿನ ಹೊರಬಾಗಿಲಲ್ಲಿ ಕಾಯುತ್ತಿದ್ದೆ. ಎಡಗೈಯಲ್ಲಿ ಗಾಡಿ ತಳ್ಳಿಕೊಂಡು ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಕತ್ತಿನ ಒಂದು ಕಡೆಯ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. ಗಾಡಿಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ನನ್ನ ಹಗ್ಗ, ನಾನು ಹಾಕಿದ ಗಂಟು ಹಾಗೇ. ಆಸ್ಪತ್ರೆಯವರೇ ಬಟ್ಟೆ ಮಾತ್ರೆ ಎಲ್ಲ ಕೊಟ್ಟಿದ್ದರಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ.

ಮನೆಗೆ ಬಂದು ನಾನೇ ಗಂಟು ಬಿಚ್ಚಿದೆ. ಅಮ್ಮನ ಸೀರೆಯ ತುಂಡು, ಅದರೊಳಗೆ ಅಪ್ಪನ ಡಬ್ಬಿ, ಅದರೊಳಗೆ ಮಾತ್ರೆ. ಒಂದು ಪಟ್ಟಿಯೂ ಅಲುಗಾಡಿರಲಿಲ್ಲ. ಅವಳು ನೋಡಿ, "ಇನ್ನೂ ಡೇಟು ಐತೆ, ಬಿಸಾಕ್‌ಬ್ಯಾಡ" ಅಂದಳು. ಅದನ್ನೇ ನುಂಗುತ್ತಾ ಬಂದಳು, ಮುಗಿದ ಮೇಲೆ ತಂದದ್ದನ್ನೂ ಅದೇ ಡಬ್ಬಿಗೆ ಹಾಕಿಸಿದಳು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮಡಚಿಹೋಗಿದ್ದವು, ಪಟ್ಟಿಯಿಂದ ಮಾತ್ರೆ ಒತ್ತಿ ಬಿಡಿಸುವುದಕ್ಕೆ ಆಗುತ್ತಿರಲಿಲ್ಲ. ನಾನು ಕೆಲಸ ಬಿಟ್ಟು ಊರಿಗೇ ಬಂದೆ. ಬೆಳಿಗ್ಗೆ ಒಂದು, ಸಂಜೆ ಒಂದು, ನಾನೇ ಬಿಡಿಸಿ ಅವಳ ಎಡಗೈಗೆ ಹಾಕುತ್ತಿದ್ದೆ. "ಅಕ್ಕ, ಮಾತ್ರೆ" ಅಂತ ಕೂಗುತ್ತಿದ್ದಳು. ಆ ಕೂಗು ಕೇಳಿದಾಗಲೆಲ್ಲ ಇವತ್ತು ಹೇಳಿಬಿಡೋಣ ಅನ್ನಿಸೋದು. ಹೇಳುತ್ತಿರಲಿಲ್ಲ.

ನೋಡುವುದಕ್ಕೆ ಬಂದವರು, "ಮಾತ್ರೆ ಜೊತೇಲಿ ಇಟ್ಕೊಂಡು ಓಗ್ಬಾರ್ದಾಗಿತ್ತಾ" ಅನ್ನುತ್ತಿದ್ದರು. ಅವಳೇ ಅವರ ಬಾಯಿ ಮುಚ್ಚಿಸುತ್ತಿದ್ದಳು. "ಅದನ್ನ ಬಿಡಲ್ಲ ಕಣಕ್ಕ. ನಮ್ಮಕ್ಕ ಅಲ್ಲೇ ಕೆಲ್ಸ ಮಾಡ್ತಿದ್ದೋಳು, ಅವಳಿಗೆ ಗೊತ್ತಿಲ್ವಾ? ನನ್ನ ಅಣೆಬರಾನೇ ಸರಿ ಇಲ್ಲ" ಅನ್ನುತ್ತಿದ್ದಳು. ನಾನು ಒಳಗೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಹೀಗೇ ಏಳೆಂಟು ತಿಂಗಳು ಕಳೆಯಿತು. ಒಂದು ದಿನ ಮಧ್ಯಾಹ್ನ ಲೈನಿನ ಕೊನೆಯ ಮನೆಯ ಹೆಂಗಸು ಕೈಚೀಲ ಹಿಡಿದುಕೊಂಡು ಬಂದಳು. ಅವಳಿಗೂ ಗಲ್ಫಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಅವಳಿಗೆ ಶುಗರು. "ಏನೇನು ಬಿಡ್ತಾರೆ ಏಳಕ್ಕ" ಅಂದಳು. ನಾನು ಇದನ್ನೆಲ್ಲ ಬಿಟ್ಟಿದ್ದೀನಿ ಅಂದರೂ ಕೇಳಲಿಲ್ಲ. ತಂಗಿ ಬಾಗಿಲ ಪಕ್ಕ ಕೂತಿದ್ದವಳು ಎದ್ದು, ಒಂದೇ ಕೈಯಲ್ಲಿ ಮೊರ ತಂದು ನಡುವೆ ಇಟ್ಟಳು. "ಏಳಕ್ಕ, ಪಾಪ ದೂರ ಓಗೋಳು" ಅಂದಳು.

ಆ ಹೆಂಗಸು ಒಂದೊಂದಾಗಿ ಮೊರಕ್ಕೆ ಹಾಕಿದಳು. ಫೋನು, ಚಾರ್ಜರು, ಬಾಚಣಿಗೆ. ಕೊನೆಗೆ ಶುಗರಿನ ಮಾತ್ರೆಯ ಪೊಟ್ಟಣ ತೆಗೆದಳು. ತೆಗೆದವಳು ನಾನು ಹೇಳುವ ಮುಂಚೆಯೇ, "ಇದು ಬಿಡಲ್ಲ ಅಂತಲ್ಲ, ದೊಡ್ಡ ಬ್ಯಾಗಿಗೆ ಆಕ್ತೀನಿ" ಅಂತ ಪಕ್ಕಕ್ಕೆ ಇಟ್ಟಳು. ನಾನು ಹೇಳಿದ ಮಾತು ಲೈನಿನ ತುಂಬಾ ಓಡಾಡುತ್ತಿತ್ತು. ತಂಗಿ ಹೌದು ಅಂತ ತಲೆ ಆಡಿಸಿದಳು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆ ಹೆಂಗಸು ಎದ್ದು ಹೋದ ಮೇಲೆ ಹಿಂದೆ ಹೋಗಿ ಬೀದಿಯಲ್ಲಿ ನಿಲ್ಲಿಸಿ ಹೇಳಬಹುದಿತ್ತು. ಅದೂ ಹೊಳೆಯಿತು. ಆದರೆ ನನ್ನ ಕೈ ತಾನಾಗಿ ಆ ಪೊಟ್ಟಣ ಎತ್ತಿ ಕೈಚೀಲದೊಳಗೆ ಇಟ್ಟಿತು.

"ಇಲ್ಲ. ಮಾತ್ರೆ ಕೈಯಲ್ಲೇ ಇರ್ಬೇಕು. ಚೀಟಿ ಜೊತೇಲಿ ಇರ್ಲಿ. ಯಾರೂ ತಡೆಯಲ್ಲ" ಅಂದೆ.

ತಂಗಿ ನನ್ನ ಮುಖ ನೋಡಿದಳು. "ಈಗ ರೂಲು ಬದಲಾಯ್ತಾ ಅಕ್ಕ?"

"ಇಲ್ಲ ಕಣೆ. ಅವಾಗ್ಲೂ ಅದೇ ರೂಲು. ನಂಗೆ ಗೊತ್ತಿರ್ಲಿಲ್ಲ. ನೀನು ಓದ ಮಾರ್ನೇ ದಿನ ಗೊತ್ತಾಯ್ತು."

"ಮಾರ್ನೇ ದಿನ" ಅಂದಳು ಅವಳು. ಕೇಳಿದ ಹಾಗಿರಲಿಲ್ಲ, ಲೆಕ್ಕ ಹಾಕಿದ ಹಾಗಿತ್ತು. "ಅಂಗಾದ್ರೆ ನಂದೂ ಬಿಡ್ತಿದ್ರು."

"ಬಿಡ್ತಿದ್ರು."

ಆ ಹೆಂಗಸು ನಮ್ಮಿಬ್ಬರ ಮುಖ ನೋಡಿ, ಸಾಮಾನು ಬಾಚಿಕೊಂಡು, "ಬತ್ತೀನಿ" ಅಂತ ಹೇಳಿ ಹೊರಟುಹೋದಳು. ತಂಗಿ ಮೊರ ಎತ್ತಿಕೊಂಡು ಹೋಗಿ ಅದರ ಜಾಗದಲ್ಲಿ ಇಟ್ಟಳು. ಅವಳು ಏನಾದರೂ ಬಯ್ಯಲಿ ಅಂತ ನಾನು ಕಾದು ಕೂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸಂಜೆಯ ಅಕ್ಕಿ ಆರಿಸಿದಳು, ದೀಪ ಹಚ್ಚಿದಳು. ಮಾತ್ರೆಯ ಹೊತ್ತಾಯಿತು. ನಾನು ಕೂಗಿಗೆ ಕಿವಿಗೊಟ್ಟೆ. ಕೂಗಲಿಲ್ಲ. ಒಳಗೆ ಹೋಗಿ ನೋಡಿದರೆ ಅಪ್ಪನ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು, ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದಳು. ಮಾತ್ರೆ ನೆಲಕ್ಕೆ ಬಿತ್ತು. ನಾನು ಎತ್ತಿಕೊಡಲು ಬಗ್ಗಿದೆ. ಅವಳು ಮಡಚಿದ ಬಲಗೈಯಿಂದ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ತಾನೇ ಎತ್ತಿ, ಸೆರಗಿನಿಂದ ಒರೆಸಿ ನುಂಗಿದಳು.

ಇವತ್ತಿಗೂ ಒಂದೇ ಮನೆಯಲ್ಲಿ ಇದ್ದೇವೆ. ಊಟಕ್ಕೆ ಕರೆಯುತ್ತಾಳೆ, ನೀರು ಬಂತು ಅಂತ ಹೇಳುತ್ತಾಳೆ. ಮಾತ್ರೆಗೆ ಮಾತ್ರ ಕರೆಯುವುದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಳಗಿನಿಂದ ಅವಳು ಹಲ್ಲಿನಲ್ಲಿ ಪಟ್ಟಿ ಹರಿಯುವ ಸದ್ದು ಕೇಳಿಸುತ್ತೆ.